ಸ್ಯಾಕ್ಸೋಫೋನ್ ಮೌತ್‌ಪೀಸ್ ಅಳೆಯಲು ಯಾವುದು ಬೇಕು: ಕ್ಯಾಲಿಪರ್, ಫಿಲ್ಲರ್, ಗಾಜು, ಡಯಲ್?

ನನ್ನ ಹತ್ತಿರ ಆಲ್ಟೊ ಸ್ಯಾಕ್ಸೋಫೋನಿನ ಒಂದು ಹಳೆಯ ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್, ಅಂದರೆ ಬಾಯಿಗಿಟ್ಟು ಊದುವ ಭಾಗ, ಇದೆ. ಅದರ ತುದಿ ಎಷ್ಟು ತೆರೆದಿದೆ ಎಂದು ತಿಳಿಯಲು ಡಿಜಿಟಲ್ ಕ್ಯಾಲಿಪರ್ ತಂದೆ. ಐದು ಸಲ ಅಳೆದೆ. 1.68, 1.81, 1.74, 1.70, 1.79 ಮಿ.ಮೀ. ಮೌತ್‌ಪೀಸ್ ಒಂದೇ, ಕೈ ಒಂದೇ, ಉತ್ತರ ಮಾತ್ರ ಐದು. ನಾನು 1.68 ಅನ್ನು ನಂಬಿ, ತುದಿಯ ಸಂದು ಸಣ್ಣದಾಯಿತು ಎಂದುಕೊಂಡು, ದೊಡ್ಡದು ಮಾಡಲು ಉಜ್ಜುತ್ತ ಕೂತೆ. ಮುಗಿಸಿದ ಮೇಲೆ ಗೊತ್ತಾಯಿತು, ಅದು ಮೊದಲೇ 1.80ರ ಹತ್ತಿರ ಇತ್ತು. ಈಗ ಅದನ್ನು ಊದಬೇಕಾದರೆ ಕಮ್ಮಾರನ ತಿದಿಯಂತಹ ಉಸಿರು ಬೇಕು.

ಕ್ಯಾಲಿಪರಿನ ಪರದೆಯಲ್ಲಿ ಎರಡು ದಶಮಾಂಶ ಕಾಣಿಸುತ್ತದೆ. ಅಷ್ಟು ನಿಖರವಾಗಿ ಅದು ಅಳೆಯುತ್ತಿದೆ ಅಂತ ನಮಗೆ ಅನ್ನಿಸಿಬಿಡುತ್ತದೆ. ತಪ್ಪು ಶುರುವಾಗುವುದೇ ಅಲ್ಲಿ. ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಊದುವವರಿಗೆ ಕೊರತೆ ಇಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯವನ್ನು ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಆಮೇಲೆ ದೇವಸ್ಥಾನ, ಮದುವೆ, ಮೆರವಣಿಗೆ ಎಲ್ಲ ಕಡೆ ಅದು ಬಂತು. ಊದುವವರು ಇಷ್ಟು ಜನ ಇದ್ದರೂ ಮೌತ್‌ಪೀಸ್ ಅಳೆದು ನೋಡುವವರು ಕಡಿಮೆ. ಊದುವಾಗ ಕೀಚ್ ಎಂದು ಅಪಸ್ವರ ಬಂದರೆ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ನಡುಗುವ ತೆಳು ಪಟ್ಟಿ) ಬದಲಾಯಿಸುತ್ತೇವೆ, ಅದಕ್ಕೂ ಸರಿಹೋಗದಿದ್ದರೆ ಮೌತ್‌ಪೀಸನ್ನೇ ಬದಲಾಯಿಸುತ್ತೇವೆ. ಅಳೆದು ನೋಡಬೇಕು ಅನ್ನುವವರು ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು, ಅಳೆಯುವುದು ಏನನ್ನು?

ರೀಡ್ ಕೂರುವ ಸಮತಟ್ಟು ಭಾಗ ಟೇಬಲ್. ಅಲ್ಲಿಂದ ಮುಂದೆ ಎಡ, ಬಲ ಎರಡು ಸಣ್ಣ ಅಂಚುಗಳು ತುದಿಯ ಕಡೆ ಹೋಗುತ್ತವೆ. ಅವು ನೇರವಾಗಿಲ್ಲ, ರೀಡಿನಿಂದ ನಿಧಾನಕ್ಕೆ ದೂರ ಬಾಗುತ್ತವೆ. ಈ ಬಾಗಿಗೆ ಫೇಸಿಂಗ್ ಅನ್ನುತ್ತಾರೆ. ಕೊನೆಯಲ್ಲಿ ರೀಡಿಗೂ ತುದಿಗೂ ಉಳಿಯುವ ಸಂದು ಟಿಪ್ ಓಪನಿಂಗ್. ನಾನು ಅದನ್ನು ಬಾಯಿ ಅನ್ನುತ್ತೇನೆ.

ಕಂಪನಿಗಳು ಮೌತ್‌ಪೀಸ್ ಮೇಲೆ ಹಾಕುವ ನಂಬರು ಸಾಮಾನ್ಯವಾಗಿ ಈ ಬಾಯಿಯದು. ಆಲ್ಟೊದಲ್ಲಿ ಯಮಾಹ 4ಸಿ ಎಂದರೆ 1.60 ಮಿ.ಮೀ. ಸೆಲ್ಮರ್ ಎಸ್80 ಸಿ ಸ್ಟಾರ್ 1.70. ಮೇಯರ್ 5 ಎಂದರೆ 0.071 ಇಂಚು, ಅಂದರೆ 1.80 ಮಿ.ಮೀ. ಮೇಯರ್ 6 ಎಂದರೆ 0.076 ಇಂಚು, 1.93 ಮಿ.ಮೀ. ಆಲ್ಟೊಗಿಂತ ದೊಡ್ಡದಾದ ಟೆನರ್ ಸ್ಯಾಕ್ಸೋಫೋನಿನಲ್ಲಿ ಒಟ್ಟೊ ಲಿಂಕ್ 7 ಸ್ಟಾರ್ 0.105 ಇಂಚು, ಸುಮಾರು 2.67 ಮಿ.ಮೀ. ಒಬ್ಬರ 5ಕ್ಕೂ ಇನ್ನೊಬ್ಬರ 5ಕ್ಕೂ ಸಂಬಂಧ ಇಲ್ಲ. ಅದಕ್ಕೇ ನಂಬರನ್ನು ಬಿಟ್ಟು ಮಿ.ಮೀ. ಹಿಡಿಯಬೇಕು.

ಮೇಯರ್ 5ರಿಂದ 6ಕ್ಕೆ ವ್ಯತ್ಯಾಸ 0.13 ಮಿ.ಮೀ. ಅಷ್ಟೇ. ಊದುವವರಿಗೆ ಈ ಎರಡರ ವ್ಯತ್ಯಾಸ ಮೊದಲ ಸ್ವರಕ್ಕೇ ಗೊತ್ತಾಗುತ್ತದೆ. ನನ್ನ ಕ್ಯಾಲಿಪರ್ ಐದು ಸಲಕ್ಕೆ ತೋರಿಸಿದ ಏರುಪೇರೂ ಅಷ್ಟೇ, 0.13. ಆ ಅಳತೆ ನಂಬಿ ಯಾವ ಸೈಜು ಎಂದು ಹೇಳುವುದಕ್ಕಿಂತ ಚೀಟಿ ಎತ್ತಿದರೆ ವಾಸಿ.

ಬಾಯಿ ಒಂದನ್ನೇ ಅಳೆದರೂ ಅರ್ಧ ವಿಷಯ ಮಾತ್ರ ಸಿಗುತ್ತದೆ. ಬಾಗು ಎಲ್ಲಿಂದ ಶುರುವಾಗುತ್ತದೆ, ಹೇಗೆ ಇಳಿಯುತ್ತದೆ, ಎಡ ಬಲ ಎರಡೂ ಒಂದೇ ಥರ ಇಳಿಯುತ್ತವಾ ಅನ್ನುವುದೇ ಜಾಸ್ತಿ ಮುಖ್ಯ. ಕೀಚ್ ಎನ್ನುವ ಮೌತ್‌ಪೀಸ್‌ಗಳಲ್ಲಿ ನಾನು ನೋಡಿದ ಹೆಚ್ಚಿನವುಗಳ ಬಾಯಿ ಸರಿಯಾಗಿಯೇ ಇತ್ತು. ಅಂಚುಗಳು ಜಗಳವಾಡುತ್ತಿದ್ದವು.

ಫಿಲ್ಲರ್ ಮತ್ತು ಗಾಜು: ಇಲ್ಲಿಂದಲೇ ಶುರು ಮಾಡಿ

ಫೀಲರ್ ಗೇಜ್ ಎಂದರೆ ಗೊತ್ತಾಗದಿದ್ದರೆ ಹತ್ತಿರದ ಗ್ಯಾರೇಜಿಗೆ ಹೋಗಿ. ಟ್ಯಾಪೆಟ್ ಸೆಟ್ ಮಾಡಲು ಮೆಕ್ಯಾನಿಕ್ ಇಟ್ಟುಕೊಂಡಿರುವ, ಚಾಕುವಿನಂತೆ ಬಿಚ್ಚುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಅದು. ಅಲ್ಲಿ ಅದನ್ನು ಫಿಲ್ಲರ್ ಅನ್ನುತ್ತಾರೆ. ಒಂದೊಂದು ಬ್ಲೇಡಿಗೂ ಒಂದೊಂದು ದಪ್ಪ, ಅದರ ಮೇಲೆಯೇ ಬರೆದಿರುತ್ತದೆ. ಬೆಂಗಳೂರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ, ಮಂಗಳೂರಾದರೆ ಯಾವ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೆಲವೇ ನೂರು ರೂಪಾಯಿ.

ಮೌತ್‌ಪೀಸಿನ ಟೇಬಲ್ ಮೇಲೆ ಸಪಾಟು ಗಾಜನ್ನು ಒತ್ತಿ ಹಿಡಿಯಿರಿ. ತುದಿಯಲ್ಲಿ ಸಂದು ಕಾಣುತ್ತದೆ. ಆ ಸಂದಿನೊಳಗೆ ಬ್ಲೇಡ್ ತೂರಿಸಿ. ತನ್ನ ದಪ್ಪದಷ್ಟೇ ಸಂದು ಇರುವ ಜಾಗಕ್ಕೆ ಹೋಗಿ ಅದು ನಿಲ್ಲುತ್ತದೆ. ತುದಿಯಿಂದ ಎಷ್ಟು ದೂರದಲ್ಲಿ ನಿಂತಿತು ಎಂದು ಗಾಜಿನ ಮೇಲಿನ ಗೆರೆಯಲ್ಲಿ ಓದಿಕೊಳ್ಳಿ. ತೆಳು ಬ್ಲೇಡ್ ಒಳಕ್ಕೆ ದೂರ ಹೋಗುತ್ತದೆ, ದಪ್ಪದ್ದು ತುದಿಯ ಹತ್ತಿರವೇ ನಿಲ್ಲುತ್ತದೆ. ಐದು ಬ್ಲೇಡಿಗೆ ಐದು ಓದು ಸಿಕ್ಕರೆ ಇಡೀ ಬಾಗಿನ ಚಿತ್ರ ಸಿಕ್ಕಿತು.

ಇದನ್ನು ಚಾಲ್ತಿಗೆ ತಂದವರು ಅಮೆರಿಕದ ಎಲ್ಕಾರ್ಟ್ ಊರಿನ ವಾದ್ಯ ರಿಪೇರಿಯ ಪಂಡಿತ ಎರಿಕ್ ಬ್ರ್ಯಾಂಡ್. ಮೌತ್‌ಪೀಸ್ ಕೆಲಸದವರು ಇವತ್ತಿಗೂ ಅವರ ಲೆಕ್ಕದಲ್ಲೇ ಮಾತಾಡುತ್ತಾರೆ. ಬ್ಲೇಡುಗಳು 0.0015, 0.010, 0.024, 0.034 ಮತ್ತು 0.050 ಇಂಚಿನವು. ಗಾಜಿನ ಮೇಲೆ ಅರ್ಧ ಮಿ.ಮೀ.ಗೆ ಒಂದು ಗೆರೆ. ಹಾಗಾಗಿ 43 ಎಂದರೆ ತುದಿಯಿಂದ 21.5 ಮಿ.ಮೀ. ದೂರ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಬಾಯಿ 1.80 ಮಿ.ಮೀ., ಬಾಗು ತುದಿಯಿಂದ 25 ಮಿ.ಮೀ. ಹಿಂದೆ ಶುರುವಾಗಿ ವೃತ್ತದ ತುಂಡಿನಂತೆ ಇಳಿಯುತ್ತದೆ ಎಂದುಕೊಳ್ಳಿ. ಆ ವೃತ್ತದ ತ್ರಿಜ್ಯ ಸುಮಾರು 174.5 ಮಿ.ಮೀ. ಆಗುತ್ತದೆ. ಆಗ ಐದು ಬ್ಲೇಡುಗಳು ಕ್ರಮವಾಗಿ 43, 31, 21, 15, 8ರ ಆಸುಪಾಸಿನಲ್ಲಿ ನಿಲ್ಲಬೇಕು. ಗಮನಿಸಿ, ಬಾಗು 25 ಮಿ.ಮೀ.ನಲ್ಲಿ ಶುರುವಾದರೂ ಅತಿ ತೆಳು ಬ್ಲೇಡ್ ನಿಂತದ್ದು 21.5ರಲ್ಲಿ. ಅಲ್ಲಿಂದ ಹಿಂದಕ್ಕೆ ಸಂದು ಬ್ಲೇಡಿಗಿಂತಲೂ ಸಣ್ಣದು, ಒಳಗೆ ಹೋಗುವುದಿಲ್ಲ. ಫೇಸಿಂಗ್ ಉದ್ದ ಇಷ್ಟು ಎಂದು ಯಾರಾದರೂ ಹೇಳಿದರೆ ಯಾವ ಬ್ಲೇಡಿನಲ್ಲಿ ನೋಡಿದ್ದು ಎಂದು ಕೇಳಿ.

ಈ ಅಗ್ಗದ ಜೋಡಿ ಕ್ಯಾಲಿಪರನ್ನು ಸೋಲಿಸುವುದು ಹೇಗೆ ಎಂದು ನನಗೂ ಮೊದಲು ಅರ್ಥವಾಗಿರಲಿಲ್ಲ. ಉತ್ತರ ಇಳಿಜಾರಿನಲ್ಲಿದೆ. ಅಂಚು ಬಹಳ ನಿಧಾನಕ್ಕೆ ಇಳಿಯುತ್ತದಲ್ವಾ, ಹಾಗಾಗಿ ಎತ್ತರದಲ್ಲಿ ಆಗುವ ಪುಟ್ಟ ಬದಲಾವಣೆ ಉದ್ದದಲ್ಲಿ ದೊಡ್ಡದಾಗಿ ಕಾಣುತ್ತದೆ. ಮೇಲಿನ ಲೆಕ್ಕದಲ್ಲಿ 0.010 ಬ್ಲೇಡ್ ನಿಲ್ಲುವಲ್ಲಿ ಗಾಜಿನ ಒಂದು ಗೆರೆಯ ವ್ಯತ್ಯಾಸ ಎಂದರೆ ಎತ್ತರದಲ್ಲಿ 0.027 ಮಿ.ಮೀ. ಮಾತ್ರ. ಅರ್ಧ ಮಿ.ಮೀ. ಕಣ್ಣಿಗೆ ಸಲೀಸಾಗಿ ಕಾಣುತ್ತದೆ, 0.027 ಕಾಣುವುದಿಲ್ಲ. ಸಂದೇ ನಮಗೆ ಭೂತಗನ್ನಡಿ ಆಗುತ್ತದೆ. ಬ್ಯಾಟರಿ ಬೇಡ.

ಅದೇ ಕಾರಣಕ್ಕೆ ಅತಿ ತೆಳು ಬ್ಲೇಡಿನ ಓದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಅಲ್ಲಿ ಒಂದು ಗೆರೆ ಎಂದರೆ 0.01 ಮಿ.ಮೀ. ಗಾಜನ್ನು ಸ್ವಲ್ಪ ಜೋರಾಗಿ ಒತ್ತಿದರೂ, ಒಂದು ಧೂಳಿನ ಕಣ ಸಿಕ್ಕಿದರೂ ಎರಡು ಗೆರೆ ಹಿಂದೆ ಮುಂದೆ ಆಗುತ್ತದೆ. 43 ಇದ್ದದ್ದು 44 ಆದರೆ ಗಾಬರಿ ಬೇಡ. ಅದೇ 0.050 ಬ್ಲೇಡಿನಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಆದರೆ ಅದು 0.06 ಮಿ.ಮೀ., ಹತ್ತಿರ ಹತ್ತಿರ ಅರ್ಧ ಸೈಜು. ಅದನ್ನು ಬಿಡುವಂತಿಲ್ಲ.

ಈಗ ಸಿಕ್ಕಾಪಟ್ಟೆ ಕೀಚುತ್ತಿದ್ದ ಒಂದು ಮೌತ್‌ಪೀಸಿನ ಕಥೆ. ಗೆಳೆಯನದು. ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ. ಎಡ ಅಂಚು: 43, 31, 21, 15, 8. ಬಲ ಅಂಚು: 43, 28, 19, 15, 8. ಶುರು ಸರಿ, ತುದಿ ಸರಿ, ಬಾಯಿ ಪಕ್ಕಾ 1.80. ನಡುವೆ ಬಲ ಅಂಚಿನಲ್ಲಿ ಬ್ಲೇಡ್ ಮೂರು ಗೆರೆ ಮೊದಲೇ ನಿಂತುಬಿಟ್ಟಿದೆ. ಅಂದರೆ ಅಲ್ಲಿ ಒಂದು ಉಬ್ಬು. ಮೂರು ಗೆರೆ, ಗೆರೆಗೆ 0.027, ಸುಮಾರು 0.08 ಮಿ.ಮೀ. ಒಂದು ಝೆರಾಕ್ಸ್ ಹಾಳೆಯ ದಪ್ಪವೂ ಇಲ್ಲ. ರೀಡ್ ಎಡಗಡೆ ಒಂದು ಕಡೆ, ಬಲಗಡೆ ಇನ್ನೊಂದು ಕಡೆ ಕೂರುತ್ತಿತ್ತು. ಅವನು ಎರಡು ವರ್ಷ ರೀಡ್ ಕಂಪನಿಗೆ ಶಾಪ ಹಾಕಿದ್ದ. ಇಂಥ ಉಬ್ಬನ್ನು ಕ್ಯಾಲಿಪರ್ ಆಗಲಿ, ಡಯಲ್ ಆಗಲಿ ತೋರಿಸುವುದಿಲ್ಲ. ಅವು ತುದಿಯನ್ನಷ್ಟೇ ನೋಡುತ್ತವೆ.

ಕೊಳ್ಳುವಾಗ ನೋಡಬೇಕಾದ್ದು

ಫಿಲ್ಲರಿನಲ್ಲಿ ಎರಡು ಜಾತಿ. 0.05ರಿಂದ 1.00 ಮಿ.ಮೀ. ತನಕ 0.05 ಅಂತರದ ಬ್ಲೇಡುಗಳಿರುವುದು ಒಂದು. ಇಂಚು, ಮಿ.ಮೀ. ಎರಡೂ ಬರೆದಿರುವ, 0.0015 ಇಂಚಿನಿಂದ ಶುರುವಾಗುವ ದೊಡ್ಡ ಗೊಂಚಲು ಇನ್ನೊಂದು. ಎರಡನೆಯದನ್ನೇ ತಗೊಳ್ಳಿ. ಬೇರೆಯವರು ಬರೆದಿಟ್ಟ ಅಳತೆಗಳ ಜೊತೆ ನಿಮ್ಮದನ್ನು ಹೋಲಿಸಬಹುದು. ಮೊದಲನೆಯದೇ ಮನೆಯಲ್ಲಿ ಇದ್ದರೆ ಬಿಸಾಡಬೇಕಿಲ್ಲ, 0.05, 0.25, 0.60, 0.85ರಲ್ಲಿ ಕೆಲಸ ನಡೆಯುತ್ತದೆ. ಯಾವ ಬ್ಲೇಡ್ ಎಂದು ಪಕ್ಕದಲ್ಲಿ ಬರೆದಿಡಬೇಕಷ್ಟೇ. 0.050 ಇಂಚಿನ ಬ್ಲೇಡ್ ಗ್ಯಾರೇಜಿನ ಗೊಂಚಲಿನಲ್ಲಿ ಇರುವುದಿಲ್ಲ. 0.035ರ ಜೊತೆ 0.015 ಸೇರಿಸಿ, ನಡುವೆ ಎಣ್ಣೆ ಧೂಳು ಇಲ್ಲದಂತೆ ಒರೆಸಿ, ಒಟ್ಟಿಗೆ ಹಿಡಿದರೆ ಆಯಿತು.

ಬ್ಲೇಡಿನ ತುದಿ ನೋಡಿ. ಕೆಲವದರ ತುದಿ ಚೂಪಾಗಿರುತ್ತದೆ ಅಥವಾ ದುಂಡಾಗಿರುತ್ತದೆ. ನಮಗೆ ಅದು ಬೇಡ. ದುಂಡು ತುದಿ ಎರಡು ಅಂಚುಗಳ ನಡುವಿನ ಕಿಂಡಿಗೆ ನುಗ್ಗಿ ಸುಳ್ಳು ಓದು ಕೊಡುತ್ತದೆ. ತುದಿ ನೇರ ಕತ್ತರಿಸಿದಂತೆ ಇರಬೇಕು, ಎರಡೂ ಅಂಚುಗಳ ಮೇಲೆ ಒಟ್ಟಿಗೆ ಕೂರುವಷ್ಟು ಅಗಲ ಇರಬೇಕು. ಅಂಗಡಿಗೆ ಮೌತ್‌ಪೀಸ್ ತಗೊಂಡೇ ಹೋಗಿ, ಬ್ಲೇಡನ್ನು ಅಡ್ಡ ಇಟ್ಟು ನೋಡಿ. ಟೆನರಿನವರು ಇದನ್ನು ಮರೆಯಬೇಡಿ. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಗೆರೆ ಹಾಕಿದ ಗಾಜು ವಿದೇಶದಿಂದ ತರಿಸಬಹುದು, ವಾದ್ಯ ರಿಪೇರಿ ಸಾಮಾನು ಮಾರುವವರ ಹತ್ತಿರ ಇರುತ್ತದೆ. ದಿನವೂ ಇದೇ ಕೆಲಸ ಮಾಡುವುದಾದರೆ ತರಿಸಿ. ಅದರಲ್ಲಿ ಗೆರೆಗಳು ಮೌತ್‌ಪೀಸಿಗೆ ತಾಗುವ ಮುಖದಲ್ಲೇ ಇದ್ದರೆ ಒಳ್ಳೆಯದು. ನಾಲ್ಕಾರು ಮೌತ್‌ಪೀಸ್ ನೋಡುವವರಿಗೆ ಮನೆಯಲ್ಲಿ ಮಾಡಿದ್ದೇ ಸಾಕು. ಗ್ಲಾಸ್ ಅಂಗಡಿಯಲ್ಲಿ 6 ಮಿ.ಮೀ. ಫ್ಲೋಟ್ ಗ್ಲಾಸಿನ ಉಳಿಕೆ ತುಂಡು ಕೇಳಿ, ಒಂದಿಂಚು ಅಗಲ ನಾಲ್ಕಿಂಚು ಉದ್ದ, ಅಂಚು ಉಜ್ಜಿ ಕೊಡಲು ಹೇಳಿ. ಫೋಟೊ ಫ್ರೇಮಿನ ತೆಳು ಗಾಜು ಒತ್ತಿದರೆ ಬಾಗುತ್ತದೆ. ಟಫನ್ ಮಾಡಿದ ಗಾಜಂತೂ ಬೇಡವೇ ಬೇಡ, ಬಿಸಿ ಮಾಡಿ ರೋಲರ್ ಮೇಲೆ ಓಡಿಸುವಾಗ ಅದರಲ್ಲಿ ಸಣ್ಣ ಅಲೆಗಳು ಏಳುತ್ತವೆ.

ಅರ್ಧ ಮಿ.ಮೀ. ಗೆರೆಗಳನ್ನು ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ತೆಗೆದು ಗಾಜಿನ ಹಿಂಬದಿಗೆ ಅಂಟಿಸಿ. ಪ್ರಿಂಟರ್ ತನ್ನಷ್ಟಕ್ಕೆ ಪುಟಕ್ಕೆ ಹೊಂದಿಸಿ ಕುಗ್ಗಿಸುವುದುಂಟು. ಅಂಟಿಸುವ ಮೊದಲು ಸ್ಟೀಲ್ ಸ್ಕೇಲ್ ಇಟ್ಟು 50 ಮಿ.ಮೀ. ಸರಿಯಾಗಿ 50 ಇದೆಯಾ ನೋಡಿ. ಹಿಂಬದಿಯ ಗೆರೆಗೂ ಬ್ಲೇಡಿಗೂ ನಡುವೆ 6 ಮಿ.ಮೀ. ಗಾಜು ಇರುವುದರಿಂದ ಓರೆಯಾಗಿ ನೋಡಿದರೆ ತಪ್ಪು ಓದು. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಮೀಟರಿನ ಮುಳ್ಳಿನ ಹಿಂದೆ ಕನ್ನಡಿ ಇರುತ್ತಿತ್ತು, ನೆನಪಿದೆಯಾ? ಇಲ್ಲೂ ಅದೇ ಉಪಾಯ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಬಿಂಬ ಆ ಗೆರೆಯ ಮೇಲೆಯೇ ಬೀಳುವ ಹಾಗೆ ತಲೆ ಸರಿಸಿ, ಆಮೇಲೆ ಓದಿ.

ಅಳೆಯುವಾಗ ಬ್ಲೇಡನ್ನು ತಳ್ಳಬೇಡಿ. ನಾನು ಗಾಜು ಮತ್ತು ಮೌತ್‌ಪೀಸನ್ನು ಒಟ್ಟಿಗೆ ಎಡಗೈಯಲ್ಲಿ ಹಿಡಿದು, ತುದಿ ಮೇಲೆ ಮಾಡಿ, ಬ್ಲೇಡನ್ನು ಅದರ ಭಾರಕ್ಕೇ ಇಳಿಯಲು ಬಿಡುತ್ತೇನೆ. ನಿಂತ ಮೇಲೆ ಬೆರಳಿನಿಂದ ಒಂದು ಸಣ್ಣ ತಟ್ಟು. ಅಷ್ಟೇ. ತಳ್ಳಿದರೆ ಅದು ಬೆಣೆಯಂತೆ ಗಾಜನ್ನು ಎತ್ತಿ ಒಳಗೆ ಹೋಗುತ್ತದೆ. ಮೊದಲು ಬ್ಲೇಡ್ ಎರಡೂ ಅಂಚಿನ ಮೇಲೆ ಬರಲಿ. ಅದು ಓರೆಯಾಗಿ ನಿಂತರೆ ಅಂಚುಗಳಲ್ಲಿ ವ್ಯತ್ಯಾಸ ಇದೆ ಎಂದರ್ಥ. ಆಮೇಲೆ ಬ್ಲೇಡನ್ನು ಪಕ್ಕಕ್ಕೆ ಸರಿಸಿ ಒಂದೊಂದೇ ಅಂಚಿನ ಓದು ತೆಗೆದುಕೊಳ್ಳಿ. ಪ್ರತಿ ಬ್ಲೇಡಿಗೂ ಮೂರು ಸಲ. ಮೂರೂ ಒಂದೇ ಬಾರದಿದ್ದರೆ ಮೌತ್‌ಪೀಸಿನ ತಪ್ಪಲ್ಲ, ಕೈಯ ತಪ್ಪು.

ಬಾಯಿ ಅಳೆಯಲು ನಾಲ್ಕು ದಾರಿ

ಫಿಲ್ಲರುಗಳನ್ನೇ ಒಂದರ ಮೇಲೊಂದು ಪೇರಿಸಿ, ಟೇಬಲನ್ನು ಗಾಜಿಗೆ ಒತ್ತಿ, ತುದಿಯ ಕೆಳಗೆ ಹೋಗುವ ದಪ್ಪ ನೋಡುವುದು ಒಂದು ದಾರಿ. ಆಗುತ್ತದೆ. ಏಳೆಂಟು ಬ್ಲೇಡ್ ಪೇರಿಸಿದಾಗ ನಡುವೆ ಗಾಳಿ ಸೇರಿ ದಪ್ಪ ಏರುತ್ತದೆ, ಕೈ ಜಾರುತ್ತದೆ. ಕಡಿಮೆ ಸಂಖ್ಯೆಯ ದಪ್ಪ ಬ್ಲೇಡುಗಳಾದರೆ ವಾಸಿ.

ನನಗೆ ಇಷ್ಟದ ದಾರಿ ಡ್ರಿಲ್ ಬಿಟ್. 1.5ರಿಂದ 2.2 ಮಿ.ಮೀ. ತನಕ 0.1 ಅಂತರದಲ್ಲಿ ಬಿಟ್‌ಗಳನ್ನು ಬಿಡಿಯಾಗಿ ಕೊಳ್ಳಿ. ಸುರುಳಿ ಇರುವ ಭಾಗ ಬೇಡ, ಹಿಂಬದಿಯ ನುಣುಪು ಕಡ್ಡಿಯನ್ನು ತುದಿಯ ಕೆಳಗೆ ಅಡ್ಡಡ್ಡ ಸರಿಸಿ. 1.7 ಸಲೀಸಾಗಿ ಹೋಗಿ 1.8 ತಡೆದರೆ ಬಾಯಿ ಆ ಎರಡರ ನಡುವೆ. ಕಡ್ಡಿ ಬರೆದದ್ದಕ್ಕಿಂತ ಕೂದಲೆಳೆ ತೆಳ್ಳಗಿರಬಹುದು, ಹಾಗಾಗಿ ಒಂದೊಂದನ್ನೂ ಅಳೆದು ಚೀಟಿ ಅಂಟಿಸಿ. ಅಳೆಯುವುದು ಯಾವುದರಲ್ಲಿ? ಆ ಡಿಜಿಟಲ್ ಕ್ಯಾಲಿಪರಿನಲ್ಲೇ! ದುಂಡು ಕಡ್ಡಿಯನ್ನು ಎರಡು ದವಡೆಯ ನಡುವೆ ಹಿಡಿಯುವುದೇ ಅದರ ನಿಜವಾದ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಮೂರನೆಯದು ಟೇಪರ್ ಗೇಜ್, ಬೆಣೆಯಾಕಾರದ ಗೆರೆ ಹಾಕಿದ ಸ್ಟೀಲ್ ಪಟ್ಟಿ. ತುದಿಯ ಕೆಳಗೆ ಸರಿಸಿ, ತಾಗಿದಲ್ಲಿ ಓದುವುದು. ಬೇಗ ಆಗುತ್ತದೆ, ಹತ್ತು ಮೌತ್‌ಪೀಸ್ ಸಾಲಾಗಿಟ್ಟು ದೊಡ್ಡದು ಯಾವುದು ಸಣ್ಣದು ಯಾವುದು ಎಂದು ಬೇರೆ ಮಾಡಲು ಬಹಳ ಒಳ್ಳೆಯದು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವವು 1ರಿಂದ 15 ಮಿ.ಮೀ. ತನಕದ ಸಂದಿಗೆ ಮಾಡಿದವು, ನಮ್ಮ ಕೆಲಸಕ್ಕೆ ಗೆರೆ ಒರಟು. ಸ್ವಲ್ಪ ಒತ್ತಿದರೂ ಮೌತ್‌ಪೀಸ್ ಎದ್ದು ಬಾಯಿ ದೊಡ್ಡದೆಂದು ಹೇಳುತ್ತದೆ.

ನಾಲ್ಕನೆಯದು ಡಯಲ್ ಗೇಜ್. ಲೇತ್ ಕೆಲಸದವರ ಹತ್ತಿರ ಇರುತ್ತದಲ್ವಾ, ಗಡಿಯಾರದಂತೆ ಮುಳ್ಳು ತಿರುಗುವ, 0.01 ಮಿ.ಮೀ. ತೋರಿಸುವ ಅದೇ. ಪುಣೆಯ ಬೇಕರ್ ಕಂಪನಿಯದೋ ಜಪಾನಿನ ಮಿಟುಟೊಯೊದೋ ಆದರೆ ತಲೆಮಾರಿಗೆ ಬರುತ್ತದೆ. ಆದರೆ ಬರಿಯ ಡಯಲ್ ತಂದರೆ ಸಾಲದು. ಅದನ್ನು ಹಿಡಿಯಲು ತಳ ಸಪಾಟಾದ ಒಂದು ಲೋಹದ ದಿಮ್ಮಿ ಬೇಕು. ದಿಮ್ಮಿಗೆ ತೂತು ಕೊರೆಸಿ ಡಯಲಿನ ಕುತ್ತಿಗೆ ಕೂರಿಸಬೇಕು. ಮೊದಲು ಗಾಜಿನ ಮೇಲಿಟ್ಟು ಸೊನ್ನೆ ಮಾಡಿ, ಆಮೇಲೆ ಮೌತ್‌ಪೀಸಿನ ಟೇಬಲ್ ಮೇಲಿಟ್ಟು, ಮುಳ್ಳಿನ ಕಡ್ಡಿ ತುದಿಯ ಅಂಚಿಗೆ ಇಳಿಯುವಂತೆ ಹಿಡಿದರೆ ಎಷ್ಟು ಇಳಿಯಿತೋ ಅಷ್ಟು ಬಾಯಿ.

ಕೇಳಲು ಚೆಂದ. ಸಮಸ್ಯೆ ಇರುವುದು ಕಡ್ಡಿ ಎಲ್ಲಿ ಇಳಿಯಿತು ಅನ್ನುವುದರಲ್ಲಿ. ತುದಿಯ ಹತ್ತಿರ ಇಳಿಜಾರು ಜಾಸ್ತಿ. ನಮ್ಮ ಲೆಕ್ಕದ ಮೌತ್‌ಪೀಸಿನಲ್ಲಿ ಕಡ್ಡಿ 1 ಮಿ.ಮೀ. ಹಿಂದೆ ಇಳಿದರೆ 0.14 ಮಿ.ಮೀ. ಕಡಿಮೆ ತೋರಿಸುತ್ತದೆ. ಒಂದು ಇಡೀ ಸೈಜು ಹೋಯಿತು! ಡಯಲ್ ಮಾತ್ರ 0.01 ತನಕ ಗಂಭೀರವಾಗಿ ಹೇಳುತ್ತಲೇ ಇರುತ್ತದೆ. ತುದಿಯ ಅಂಚೇ ಒಂದು ಮಿ.ಮೀ. ಅಗಲ ಇರುವುದು ಕಷ್ಟ. ಹಾಗಾಗಿ ದಿಮ್ಮಿಗೆ ಮೌತ್‌ಪೀಸಿನ ತುದಿ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ತಾಗುವ ಒಂದು ತಡೆ ಮಾಡಿಸಿಕೊಳ್ಳದಿದ್ದರೆ ಡಯಲಿಗೆ ಹಾಕಿದ ದುಡ್ಡು ದಂಡ. ತಡೆ ಇದ್ದರೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಉಜ್ಜುತ್ತ ಉಜ್ಜುತ್ತ 0.02 ಇಳಿಯಿತಾ 0.03 ಇಳಿಯಿತಾ ಎಂದು ನೋಡಲು ಬೇರೆ ಯಾವುದೂ ಇಷ್ಟು ಸಲೀಸಲ್ಲ.

ನನ್ನ ಮಾತು ಕೇಳುವುದಾದರೆ: ಇರುವುದು ಎಷ್ಟು ಎಂದು ತಿಳಿಯಲು ಡ್ರಿಲ್ ಬಿಟ್. ಬದಲಾದದ್ದು ಎಷ್ಟು ಎಂದು ತಿಳಿಯಲು ಡಯಲ್.

ಟೇಬಲ್ ಸಪಾಟಾಗಿದೆಯಾ?

ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತು. ಟೇಬಲ್ ಡೊಂಕಾಗಿದ್ದರೆ ಮೇಲಿನ ಯಾವ ಓದೂ ನಂಬುವಂತಿಲ್ಲ, ಗಾಜು ಎರಡು ಥರ ಕೂರುತ್ತದೆ. ಗಾಜಿಟ್ಟು ಬೆರಳಿನಿಂದ ಮೂಲೆ ಮೂಲೆ ಒತ್ತಿ, ಕುಂಟುತ್ತದಾ ನೋಡಿ. ಕುಂಟಿದರೆ ನಡುವೆ ಉಬ್ಬು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ನಡುವೆ ಬೆಳಕಿನ ಸಣ್ಣ ಎಳೆ ಕಂಡರೆ ತಗ್ಗು. ಎಲ್ಲ ತಗ್ಗೂ ದೋಷ ಅಲ್ಲ. ಕೆಲವು ತಯಾರಕರು ಬೇಕೆಂದೇ ಟೇಬಲಿನ ನಡುವೆ ತುಸು ತಗ್ಗು ಬಿಡುತ್ತಾರೆ, ಅದಕ್ಕೆ ಫ್ರೆಂಚ್ ಕರ್ವ್ ಅನ್ನುತ್ತಾರೆ. ತಗ್ಗಿದ್ದರೂ ಎರಡು ಕೊನೆಗಳ ಮೇಲೆ ಗಾಜು ಗಟ್ಟಿಯಾಗಿ ಕೂತರೆ ಅಳತೆ ನಡೆಯುತ್ತದೆ. ಉಬ್ಬಿದ್ದರೆ ನಡೆಯುವುದಿಲ್ಲ.

ಇಲ್ಲಿಗೆ ಹೊಸ ಉಪಕರಣ ಏನೂ ಬೇಡ. 10 ಪಟ್ಟು ದೊಡ್ಡದು ಮಾಡುವ ಲೂಪ್ ಒಂದು ಇದ್ದರೆ ಅಂಚಿನ ಗೀರು, ಮುಕ್ಕು ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಅಳೆಯುವವರನ್ನು ನೋಡಿದ್ದೇನೆ. ನೆನಪಿಗೆ ಇಟ್ಟುಕೊಳ್ಳಲು ಫೋಟೊ ಸರಿ. ಅಳೆಯಲು ಬೇಡ, ಹತ್ತಿರದಿಂದ ತೆಗೆದ ಫೋಟೊದಲ್ಲಿ ಮುಂದಿನದು ದಪ್ಪ, ಹಿಂದಿನದು ಸಣ್ಣ ಕಾಣುತ್ತದೆ.

ಒಳಗಿನ ಹೊಟ್ಟೆ

ಶ್ರುತಿ ಸೇರದ ತಕರಾರಾದರೆ ಫೇಸಿಂಗ್ ಬಿಟ್ಟು ಒಳಗಿನ ಜಾಗ ನೋಡಿ. ಬೇಕಾದ್ದು ಔಷಧಿ ಅಂಗಡಿಯ 5 ಮಿ.ಲೀ. ಸಿರಿಂಜ್ ಅಷ್ಟೇ. ಕಿಂಡಿಗೆ ಟೇಪ್ ಗಟ್ಟಿಯಾಗಿ ಸುತ್ತಿ, ತುದಿ ಕೆಳಗೆ ಮಾಡಿ, ಹಿಂದಿನಿಂದ ನೀರು ತುಂಬಿಸಿ, ಎಷ್ಟು ಹಿಡಿಯಿತು ಬರೆದುಕೊಳ್ಳಿ. ಜಾಸ್ತಿ ನೀರು ಹಿಡಿಯುವ ಮೌತ್‌ಪೀಸ್ ಶ್ರುತಿಯನ್ನು ಇಳಿಸುತ್ತದೆ, ವಾದ್ಯದ ಕುತ್ತಿಗೆಯ ಕಾರ್ಕಿನ ಮೇಲೆ ಅದನ್ನು ಇನ್ನೂ ಒಳಗೆ ತಳ್ಳಬೇಕಾಗುತ್ತದೆ. ಎರಡು ಮೌತ್‌ಪೀಸ್ ಹೋಲಿಸಲು ಇದು ಸಾಕು. ಹಿಂದಿನ ತೂತಿನ ಅಳತೆಗೆ ಕ್ಯಾಲಿಪರ್ ಬಳಸಬಹುದು. ಲೋಹದ ದವಡೆ ಎಬೊನೈಟಿಗೆ ಗೀರು ಹಾಕುತ್ತದೆ, ಮೆತ್ತಗೆ.

ಹಾಗಾದರೆ ಯಾರು ಏನು ಕೊಳ್ಳಬೇಕು

ಸುಮ್ನೆ ತನ್ನ ಮೌತ್‌ಪೀಸ್ ಹೇಗಿದೆ ಎಂದು ತಿಳಿಯಬೇಕು ಅನ್ನುವವರಿಗೆ ಫಿಲ್ಲರ್, ಗಾಜಿನ ತುಂಡು, ಐದಾರು ಡ್ರಿಲ್ ಬಿಟ್, ಒಂದು ನೋಟ್‌ಬುಕ್. ಒಟ್ಟು ಖರ್ಚು ಒಂದೆರಡು ಪೆಟ್ಟಿಗೆ ರೀಡಿಗಿಂತ ಕಡಿಮೆ. ಸೆಕೆಂಡ್ ಹ್ಯಾಂಡ್ ಮೌತ್‌ಪೀಸ್ ಕೊಳ್ಳುವವರು ಇದನ್ನೇ ಜೇಬಿಗೆ ಹಾಕಿಕೊಂಡು ಹೋಗಿ, ಎಡ ಬಲ ಅಂಚು ಹೋಲಿಸಿ ನೋಡಿದ ಮೇಲೆ ಚೌಕಾಸಿಗೆ ಕೂರಿ.

ಉಜ್ಜಿ ಸರಿ ಮಾಡಬೇಕು ಅನ್ನುವವರಿಗೆ ಇದರ ಮೇಲೆ ಲೂಪ್ ಒಂದು, 600 ಮತ್ತು 1000 ನಂಬರಿನ ನೀರು ಕಾಗದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ). ಮೊದಲ ಐದು ಮೌತ್‌ಪೀಸ್ ಹಾಳಾದರೂ ಬೇಸರವಿಲ್ಲದ ಅಗ್ಗದವೇ ಆಗಿರಲಿ. ಉಬ್ಬಿಗೆ ಪೆನ್ಸಿಲ್ ಗುರುತು ಹಾಕಿ, ಕಾಗದ ಒದ್ದೆ ಮಾಡಿ, ನಾಲ್ಕೈದು ಸಲ ಹಗುರಕ್ಕೆ ಉಜ್ಜಿ, ತೊಳೆದು ಒರೆಸಿ, ಮತ್ತೆ ಅಳೆಯಿರಿ. ಎಬೊನೈಟ್ ಧೂಳು ಒಣಗಿದ್ದಾಗ ಮೂಗಿಗೆ ಹೋಗುತ್ತದೆ, ಅದಕ್ಕೇ ಒದ್ದೆ. ತೊಳೆಯಲು ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಎಬೊನೈಟ್ ಹಸಿರು ತಿರುಗಿ ಗಂಧಕದ ವಾಸನೆ ಹೊಡೆಯುತ್ತದೆ. ತುದಿಯಲ್ಲಿ ಎಂಜಲಿನ ಬಿಳಿ ಪದರ ಕಟ್ಟಿದ್ದರೆ ಅಳೆಯುವ ಮೊದಲೇ ತೆಗೆಯಿರಿ, ಅದೂ ಬ್ಲೇಡನ್ನು ತಡೆಯುತ್ತದೆ. ಗೆಳೆಯನ ಆ ಉಬ್ಬು ಇಳಿಯಲು ಒಂದು ಸಂಜೆ ಹಿಡಿಯಿತು. ಉಜ್ಜಿದ್ದು ಒಟ್ಟು ಹತ್ತು ನಿಮಿಷ ಇರಬಹುದು, ಉಳಿದದ್ದೆಲ್ಲ ಅಳತೆ. ಕೊನೆಗೆ ಬಲ ಅಂಚಿನ ಓದು 43, 31, 20, 15, 8. ಆ 20 ಹಾಗೇ ಬಿಟ್ಟೆವು. ಊದಿ ನೋಡಿದ, ಕೀಚಲಿಲ್ಲ, ಮುಂದೆ ಮುಟ್ಟಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ದುಡ್ಡು ತಗೊಂಡು ಬೇರೆಯವರ ಮೌತ್‌ಪೀಸ್ ಮುಟ್ಟುವವರಿಗೆ ತಡೆ ಇರುವ ದಿಮ್ಮಿಯೊಂದಿಗೆ ಡಯಲ್, ಮತ್ತು ಗೆರೆ ಕೆತ್ತಿದ ಒಳ್ಳೆಯ ಗಾಜು. ಕೈಗೆ ತೆಗೆದುಕೊಂಡ ತಕ್ಷಣ ಹಳೆಯ ಅಳತೆ ಬರೆದು, ಮಾಲೀಕರ ಎದುರಿಗೇ ತೋರಿಸಿ ಇಟ್ಟುಕೊಳ್ಳಿ.

ಡಿಜಿಟಲ್ ಕ್ಯಾಲಿಪರ್ ಎಲ್ಲರೂ ಮೊದಲು ಕೊಳ್ಳುವುದು, ನಾನೂ ಕೊಂಡದ್ದು. ಇದ್ದರೆ ಇರಲಿ, ಡ್ರಿಲ್ ಬಿಟ್ ಅಳೆಯಲು ಬೇಕು.

ಕರಾವಳಿಯವರಿಗೆ ಇನ್ನೊಂದು. 0.0015 ಇಂಚಿನ ಬ್ಲೇಡ್ ನಮ್ಮ ಮಳೆಗಾಲವನ್ನು ತಡೆಯುವುದಿಲ್ಲ. ನನ್ನ ಮೊದಲ ಗೊಂಚಲನ್ನು ಜೂನ್‌ನಲ್ಲಿ ಮೇಜಿನ ಮೇಲೆ ಬಿಟ್ಟಿದ್ದೆ. ಚೌತಿಯ ಹೊತ್ತಿಗೆ ಆ ಬ್ಲೇಡಿನ ಮೇಲೆ ಕೆಂಪು ಚುಕ್ಕಿ, ಮುಟ್ಟಿದರೆ ಎರಡು ತುಂಡು. ಈಗ ಹೊಲಿಗೆ ಯಂತ್ರದ ಎಣ್ಣೆ ಸವರಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಇಡುತ್ತೇನೆ. ಅಳೆಯುವ ಮೊದಲು ಹತ್ತಿಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು, ಎಣ್ಣೆಗೂ ದಪ್ಪ ಉಂಟು. ಆಮೇಲೆ ಆ ಮೌತ್‌ಪೀಸನ್ನು ಬಾಯಿಗೆ ಬೇರೆ ಇಡಬೇಕಲ್ಲ.